ಪೀಣ್ಯದಲ್ಲಿ ಅರವತ್ತು ನಾಬ್

ಹಸಿರು ಮೆಟ್ರೋದಲ್ಲಿ ಗೊರಗುಂಟೆಪಾಳ್ಯ ದಾಟಿದ ಮೇಲೆ ಒಮ್ಮೆ ಮೊಬೈಲ್ ಬದಿಗಿಟ್ಟು ಕೆಳಗೆ ನೋಡಿ. ಶೀಟಿನ ಛಾವಣಿಗಳು, ಲಗೇಜ್ ಆಟೊಗಳು, ಬಾಗಿಲಲ್ಲಿ ಸುರುಳಿ ಸುರುಳಿ ಕಬ್ಬಿಣದ ಚೂರಿನ ರಾಶಿ. ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿವರೆಗೆ ಈ ರೈಲು ಓಡತೊಡಗಿದ್ದು 2014ರ ಮಾರ್ಚ್‌ನಲ್ಲಿ. ನಮ್ಮಂಥ ಲ್ಯಾಪ್‌ಟಾಪ್ ಜನ ಇಲ್ಲಿ ಇಳಿಯೋದು ಕಮ್ಮಿ.

ನಾನು ಇಳಿದದ್ದು ಅಪ್ಪನಿಗಾಗಿ. ದಾವಣಗೆರೆಯಲ್ಲಿ ಅವರದ್ದು ಗ್ಯಾಸ್ ಒಲೆ ರಿಪೇರಿ ಅಂಗಡಿ. ಒಂದು ಹಳೇ ಮಾಡೆಲ್ ಒಲೆಯ ನಾಬ್ ಈಗ ಎಲ್ಲೂ ಸಿಗೋದಿಲ್ಲ. ಬರ್ನರ್ ಚೆನ್ನಾಗಿದೆ, ಒಲೆ ಬಿಸಾಡಲು ಯಾರಿಗೂ ಮನಸ್ಸಿಲ್ಲ. ಇಕ್ಕಳ ಹಿಡಿದು ಗ್ಯಾಸ್ ಆಫ್ ಮಾಡುವ ಅಜ್ಜಿಯರಿದ್ದಾರೆ. ಅಪ್ಪನಿಗೆ ಬೇಕಿದ್ದದ್ದು 60 ನಾಬ್.

"ಅರವತ್ತಕ್ಕೆ ಡೈ ಮಾಡಿಸಿದ್ರೆ ಲಕ್ಷದ ಮಾತು ಕಣಮ್ಮ," ಅಂದರು ಎರಡನೇ ಹಂತದ ಒಂದು ಪುಟ್ಟ ಶೆಡ್‌ನ ಯಜಮಾನರು. ಹಳೇ ನಾಬನ್ನು ಉಗುರಿಂದ ಕೆರೆದು ನೋಡಿದರು. ಬೇಕಲೈಟ್. ಬಿಸಿಗೆ ಕರಗದ ಜಾತಿ, ಆದರೆ ಅದನ್ನು ಬಿಸಿ ಡೈಯಲ್ಲಿ ಒತ್ತಿಯೇ ಮಾಡಬೇಕು, ಸುರಿಯೋಕಾಗಲ್ಲ. ನಮಗಿರುವ ದಾರಿ ಸಿಲಿಕೋನ್ ಅಚ್ಚು, ಅದಕ್ಕೆ ರೆಸಿನ್. ಯಾವ ರೆಸಿನ್ ಅಂತ ನಾನು ಕೇಳುವ ಮೊದಲೇ ಅವರು ಕೇಳಿದ್ದು: "ಒಲೆ ಹತ್ರ ಎಷ್ಟು ಬಿಸಿ ಇರುತ್ತೆ?"

ಪಾಲಿಯೆಸ್ಟರ್ ಅಗ್ಗ. ಆದರೆ ವಾಸನೆಗೆ ತಲೆ ಹಿಡಿಯುತ್ತೆ, ಗಟ್ಟಿಯಾಗುವಾಗ ಕುಗ್ಗುತ್ತೆ, ಅಳತೆ ಕೂರೋದಿಲ್ಲ. ಮುಂದೆ.

ಎಪಾಕ್ಸಿ ಅಂದರೆ ಇನ್‌ಸ್ಟಾಗ್ರಾಂನಲ್ಲಿ ಹೂವು ಹಾಕಿ ಕೀಚೈನ್ ಮಾಡ್ತಾರಲ್ಲ, ಅದೇ. ನಾನೂ ಅದನ್ನೇ ಅಂದುಕೊಂಡು ಹೋಗಿದ್ದೆ. ಯಜಮಾನರು ವಾದ ಮಾಡಲಿಲ್ಲ. ಟೀಗಿಟ್ಟ ಬಿಸಿನೀರಲ್ಲಿ ಒಂದು ಎಪಾಕ್ಸಿ ಪಟ್ಟಿ ಅದ್ದಿ ನನ್ನ ಕೈಗೆ ಕೊಟ್ಟರು. ಬೆರಳಲ್ಲೇ ಬಾಗಿತು! ಮನೆ ತಾಪದಲ್ಲಿ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿ 50–60 ಡಿಗ್ರಿಗೇ ಮೆತ್ತಗಾಗುತ್ತದಂತೆ. ಮೆತ್ತಗಾದ ನಾಬ್ ಶಾಫ್ಟಿನ ಮೇಲೆ ಸುಮ್ಮನೆ ತಿರುಗುತ್ತೆ, ಗ್ಯಾಸ್ ಮಾತ್ರ ಹಾಗೇ ಬರ್ತಿರುತ್ತೆ. ಇಕ್ಕಳವೇ ವಾಸಿ.

ಉಳಿದದ್ದು ಪಾಲಿಯುರೆಥೇನ್. ಎರಡು ದ್ರವ ಬೆರೆಸಿದ ಮೇಲೆ ಸುರಿಯಲು ನಾಲ್ಕೈದು ನಿಮಿಷ ಅಷ್ಟೇ, ತಾಸಿನೊಳಗೆ ಅಚ್ಚಿನಿಂದ ಬಿಡಿಸಬಹುದು. ಇದರಲ್ಲೂ ಸಾಮಾನ್ಯ ಗ್ರೇಡ್ ಒಲೆಗೆ ಸಾಲದು. ಬಿಸಿ ತಡೆಯುವ ಗ್ರೇಡ್ ತಗೊಂಡು, ಬಿಡಿಸಿದ ಮೇಲೆ ಓವನ್ನಿನಲ್ಲಿ ಹಂತ ಹಂತವಾಗಿ ಕಾಯಿಸಬೇಕು. ಆ ಕಾಯಿಸುವಿಕೆ ಬಿಟ್ಟರೆ ಡಬ್ಬಿ ಮೇಲೆ ಬರೆದ ಡಿಗ್ರಿಗೆ ಅರ್ಥವಿಲ್ಲ. ಇನ್ನೊಂದು ಶತ್ರು ತೇವ. ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಇದರ ಐಸೊಸಯನೇಟ್ ಗಾಳಿಯ ನೀರಿನ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ, ನಾಬ್ ತುಂಬ ಸೆಟ್ ದೋಸೆಯ ತೂತು. ಅದರ ಆವಿ ಶ್ವಾಸಕೋಶಕ್ಕೂ ಕೆಟ್ಟದ್ದು. ಶೆಡ್‌ನ ಹುಡುಗರು ಕಾರ್ಟ್ರಿಜ್ ಮಾಸ್ಕ್ ಹಾಕಿದ್ದರು. ಬಟ್ಟೆ ಮಾಸ್ಕ್ ಸಾಲೋದಿಲ್ಲ, ಬಾಲ್ಕನಿಯಲ್ಲಿ ಮಾಡುವ ಭಾನುವಾರದ ಹವ್ಯಾಸವಂತೂ ಅಲ್ಲ.

ಅಷ್ಟಾದರೂ ಯಜಮಾನರಿಗೆ ಸಮಾಧಾನವಿಲ್ಲ. "ಶಾಫ್ಟ್ ಹಿಡಿಯೋ ಕೆಲಸ ಪ್ಲಾಸ್ಟಿಕ್‌ಗೆ ಬಿಡಬೇಡಿ." ಪಕ್ಕದ ಶೆಡ್ ಲೇತ್‌ನವರನ್ನು ಕೂಗಿದರು. ಹಿತ್ತಾಳೆ ಬುಷ್, ಒಳಗೆ ಡಿ ಆಕಾರದ ತೂತು, ಹೊರಗೆ ರೆಸಿನ್ ಕಚ್ಚಿಕೊಳ್ಳಲು ನರ್ಲಿಂಗ್ ಗೆರೆ. ಅದನ್ನು ಅಚ್ಚಿನಲ್ಲಿಟ್ಟೇ ಸುರಿಯೋದು. ಡಿ ತೂತು ಕೊರೆಯಲು ಮೂರನೇ ಶೆಡ್. ನೂರು ಹೆಜ್ಜೆಯಲ್ಲಿ ಎಲ್ಲ ಮುಗಿಯಿತು. 60 ಪೀಸ್ ಅಂದರೆ ಮುಖ ಸಿಂಡರಿಸದ ಊರು ಇದು.

ಸಿಲಿಕೋನ್ ಅಚ್ಚು ಇಪ್ಪತ್ತರ ಸುಮಾರಿಗೆ ಸವೆಯುತ್ತದೆ, ಹಾಗಾಗಿ ಮೂರು ಅಚ್ಚು. ನಾಬ್‌ಗೆ 190 ರೂಪಾಯಿ ಬಿತ್ತು. ಅಪ್ಪ ಫೋನಲ್ಲೇ ಗೊಣಗಿದರು. ಆಮೇಲೆ ಎರಡು ನಾಬ್ ನಮ್ಮ ಮನೆ ಒಲೆಗೇ ಹಾಕಿ ಎರಡು ವಾರ ಅಮ್ಮನ ಅಡುಗೆಗೆ ಬಿಟ್ಟರು. ಹೋಳಿಗೆ ಹೂರಣ ಬೆಂದ ದಿನವೂ ನಾಬ್ ಅಲುಗಲಿಲ್ಲ. ಮಾರನೇ ದಿನವೇ ಸ್ಕೂಟರ್ ಹತ್ತಿ ಇಕ್ಕಳದ ಮನೆಗಳ ಕಡೆ ಹೊರಟರು. ಅಜ್ಜಿಯರಿಗೆ 150 ಅಂತ ಹೇಳಿದರಂತೆ.