ಹೊರಗಿನ ಕಣ್ಣು

ಮರಹೊಂದಿದ ತಂದೆಯವರ ಧ್ವನಿಮುದ್ರಣಗಳಿದ್ದ ನಮ್ಮ ಕಂಪ್ಯೂಟರಿಗೆ ವೈರಸ್ ತಗುಲಿತು. ಅದರೊಳಗಿನ ಆಂಟಿವೈರಸ್ ತೆರೆದೊಡನೆ ಮುಚ್ಚಿಕೊಳ್ಳುತ್ತಿತ್ತು. ಎಲ್ಲವನ್ನೂ ಅಳಿಸದೆ ದಾರಿಯಿಲ್ಲವೆಂದರು ಅಂಗಡಿಯವರು. ಮನಸ್ಸು ಒಪ್ಪಲಿಲ್ಲ.

ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಸೋಂಕಿಲ್ಲದ ಲ್ಯಾಪ್‌ಟಾಪಿನಲ್ಲಿ ಕ್ಯಾಸ್ಪರ್‌ಸ್ಕಿ ರೆಸ್ಕ್ಯೂ ಡಿಸ್ಕನ್ನು ಪೆನ್‌ಡ್ರೈವಿಗೆ ಇಳಿಸಿ ತಂದ. “ಉಸ್ತಾದ್, ವಿಂಡೋಸ್ ಎದ್ದರೆ ವೈರಸ್ಸೂ ಎದ್ದು ಅಡಗಿಕೊಳ್ಳುತ್ತದೆ. ಇದು ಲಿನಕ್ಸ್‌ನಲ್ಲಿ ನಡೆಯುವುದರಿಂದ ವಿಂಡೋಸ್ ಮಲಗಿಯೇ ಇರುತ್ತದೆ” ಎಂದ. ಬಯೋಸ್‌ನಲ್ಲಿ ಬೂಟ್ ಕ್ರಮ ಬದಲಿಸಿ, ವೈರಸ್ ಪಟ್ಟಿಯನ್ನು ನವೀಕರಿಸಿ, ಶೋಧಕ್ಕೆ ಬಿಟ್ಟೆವು. ಬೆಳಗಿನ ಬಾಂಗಿನ ಹೊತ್ತಿಗೆ ಅದು ಮುಗಿದಿತ್ತು. ಕಡತವನ್ನು ತೆರೆದೆ, ತಂದೆಯವರು ನನ್ನ ಹೆಸರು ಹಿಡಿದು ಕರೆದರು.

ತನ್ನ ದೋಷವನ್ನು ತಾನೇ ಕಾಣಲಾರದ ಯಂತ್ರಕ್ಕೆ ಹೊರಗಿನ ಕಣ್ಣು ಬೇಕಾಯಿತು. ನನಗೂ ಬೇಕಾಗಿತ್ತು: ಇಂತಹ ಅಮಾನತ್ತಿಗೆ ಇನ್ನೊಂದು ಪ್ರತಿ ಇಡದ ತಪ್ಪನ್ನು ಆ ಹುಡುಗನೇ ತೋರಿಸಿದ. ಈಗ ಪ್ರತಿಗಳು ಮೂರಿವೆ.