ಗ್ಯಾಸ್ಟ್ರಿಕ್ ಅಂದ್ರೆ ಸಾಕಾ?

ನಮ್ಮ ಕೋಲಾರದ ಕಡೆ ಹೊಟ್ಟೆಗೆ ಬರೋ ಕಾಯಿಲೆಗೆಲ್ಲ ಒಂದೇ ಹೆಸರು: ಗ್ಯಾಸ್ಟ್ರಿಕ್. ಎದೆ ಉರಿದ್ರೂ ಅದೇ, ಹಸಿವಾಗದಿದ್ರೂ ಅದೇ. ಮಾಲೂರಾಗಲಿ ಮುಳಬಾಗಿಲಾಗಲಿ, ಮೆಡಿಕಲ್ ಶಾಪಲ್ಲಿ "ಗ್ಯಾಸಿಗೆ ಒಂದು ಮಾತ್ರೆ ಕೊಡಿ" ಅಂದ್ರೆ ಮುಗೀತು.

ಶ್ರೀನಿವಾಸಪುರದಲ್ಲಿ ಮಾವಿನ ತೋಟ ಮಾಡಿಕೊಂಡಿದ್ದ ನಮ್ಮ ದೊಡ್ಡಪ್ಪನೂ ಒಂದು ವರ್ಷ ಹೀಗೇ ಮಾತ್ರೆ ನುಂಗಿದರು. ಎರಡು ಮುದ್ದೆ ಉಣ್ಣುತ್ತಿದ್ದವರು ಅರ್ಧಕ್ಕೇ ಸಾಕು ಅನ್ನತೊಡಗಿದರು. ಮೈ ಇಳಿಯಿತು. ಮಲ ಕಪ್ಪಗಾದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂಡೋಸ್ಕೋಪಿ ಮಾಡಿಸಿದ್ದಾಯ್ತು. ಜಠರದ ಕ್ಯಾನ್ಸರ್, ಆಪರೇಷನ್ ಮಾಡುವ ಹಂತ ದಾಟಿತ್ತು. ಆಮೇಲೆ ಏಳು ತಿಂಗಳು ಇದ್ದರು. "ರಕ್ತ ಟೆಸ್ಟಲ್ಲಿ ಇದು ಮೊದಲೇ ಗೊತ್ತಾಗಲ್ವೇನಪ್ಪಾ?" ಅಂತ ದೊಡ್ಡಮ್ಮ ಕೇಳಿದ್ದು ತಲೆಯಲ್ಲೇ ಉಳೀತು. ಓದುತ್ತಾ ಹೋದಾಗ ಸಿಕ್ಕಿದ್ದು ಮೈಕ್ರೋ ಆರ್‌ಎನ್‌ಎ.

ಪ್ರೋಟೀನ್ ತಯಾರಿಸು ಅನ್ನೋ ಡಿಎನ್‌ಎಯ ಆದೇಶವನ್ನು ಹೊತ್ತೊಯ್ಯುವುದು ಮೆಸೆಂಜರ್ ಆರ್‌ಎನ್‌ಎ. ಸುಮಾರು 22 ಅಕ್ಷರದ ಪುಟಾಣಿ ಮೈಕ್ರೋ ಆರ್‌ಎನ್‌ಎ ಅದಕ್ಕೆ ಅಂಟಿಕೊಂಡು ಆದೇಶವನ್ನೇ ತಡೆಯುತ್ತೆ! ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಕಂಡ ಈ ಸಂಗತಿಯನ್ನು ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ 1993ರಲ್ಲಿ ಪ್ರಕಟಿಸಿದರು. 2024ರಲ್ಲಿ ನೊಬೆಲ್ ಬಂತು. ಜಠರದ ಕ್ಯಾನ್ಸರಿನಲ್ಲಿ ಈ ಲೆಕ್ಕ ಏರುಪೇರಾಗುತ್ತೆ. ಮಿರ್-21 ಅನ್ನೋದು ಹೆಚ್ಚಾಗಿ, ಗಡ್ಡೆ ಬೆಳೆಯದಂತೆ ಕಾಯುವ ಜೀನುಗಳ ಬಾಯಿ ಮುಚ್ಚಿಸುತ್ತೆ.

ಇವು ರಕ್ತದಲ್ಲೂ ಸಿಗುತ್ತವೆ. 12 ಮೈಕ್ರೋ ಆರ್‌ಎನ್‌ಎಗಳನ್ನು ಅಳೆದು ಜಠರದ ಕ್ಯಾನ್ಸರಿನ ಸುಳಿವು ಕೊಡುವ ರಕ್ತಪರೀಕ್ಷೆಗೆ ಸಿಂಗಪುರದಲ್ಲಿ 2019ರಲ್ಲೇ ಒಪ್ಪಿಗೆ ಸಿಕ್ಕಿದೆ. ಅಲ್ಲಿಗೆ ದೊಡ್ಡಮ್ಮನ ಪ್ರಶ್ನೆ ಪೆದ್ದುಪ್ರಶ್ನೆಯೇನಲ್ಲ. ಆದರೆ ಅದರಲ್ಲಿ ಅನುಮಾನ ಬಂದರೂ ಖಚಿತಪಡಿಸೋದು ಎಂಡೋಸ್ಕೋಪಿಯೇ. ಔಷಧಿಯ ದಾರಿ ಇನ್ನೂ ದೂರ. ಮಿರ್-34ರ ನಕಲನ್ನು ಬೇರೆ ಬೇರೆ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗವನ್ನು ತೀವ್ರ ಅಡ್ಡಪರಿಣಾಮಗಳಿಂದಾಗಿ 2016ರಲ್ಲಿ ನಿಲ್ಲಿಸಬೇಕಾಯ್ತು.

ಅಲ್ಲೀತನಕ? ಬೇಗ ಗೊತ್ತಾದರೆ ಆಪರೇಷನ್‌ನಿಂದ ಗುಣವಾಗುವ ಕಾಯಿಲೆ ಇದು. ಇದಕ್ಕೆ ದಾರಿ ಮಾಡಿಕೊಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾವನ್ನು ಆಂಟಿಬಯಾಟಿಕ್‌ನಿಂದ ಓಡಿಸಬಹುದು. ವಯಸ್ಸಾದವರಿಗೆ ಹೊಸದಾಗಿ ಅಜೀರ್ಣ ಶುರುವಾದರೆ, ತೂಕ ಇಳಿದರೆ, ಬೇಗ ಹೊಟ್ಟೆ ತುಂಬಿದರೆ, ನುಂಗೋಕೆ ಕಷ್ಟವಾದರೆ, ಮಲ ಕಪ್ಪಗಾದರೆ ಡಾಕ್ಟರ ಹತ್ರ ಹೋಗಿ ಎಂಡೋಸ್ಕೋಪಿ ಬೇಕಾ ಅಂತ ಕೇಳಿ. ಕೆಲವೇ ನಿಮಿಷದ ಕೆಲಸ.

ನಿಮ್ಮ ಮನೇಲೂ ತಿಂಗಳುಗಟ್ಟಲೆ ಗ್ಯಾಸಿನ ಮಾತ್ರೆ ನುಂಗುತ್ತಿರೋ ಹಿರಿಯರಿದ್ದಾರಾ? ಇವತ್ತೇ ಒಂದು ಫೋನ್ ಮಾಡಿ, "ಊಟ ಎಷ್ಟು ಸೇರ್ತಿದೆ?" ಅಂತ ವಿಚಾರಿಸಿ.