ಪುಷ್ಯ ಮಳೆಯಲ್ಲಿ ಕೆರೆಗಳ ಸೀಮೆಗೆ

"ಅಪ್ಪಾ, ತಾಳಗುಂದದ ಕಂಬ ನೋಡ್ತೀಯಲ್ಲ, ಅದನ್ನ ಯಾಕೆ ನಿಲ್ಲಿಸಿದ್ರು ಅಂತ ಕೇಳ್ಕೊಂಡು ಬಾ. ಮಯೂರನ ಕಥೆ ನಂಗೆ ಗೊತ್ತು. ಕಂಬ ಯಾಕೆ ಅನ್ನೋದು ಮಾತ್ರ ಗೊತ್ತಿಲ್ಲ."

ಏಳನೇ ತರಗತಿಯ ಮಗಳು ಹೀಗೆ ಹೇಳುವಾಗ ನಾನು ರೈನ್‌ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದೆ. ಅವಳ ಹಿಂದೆ ನಿಂತಿದ್ದ ನನ್ನ ಅಮ್ಮನ ಚಿಂತೆ ಬೇರೆ. "ಪುಷ್ಯ ಮಳೆ ಹಿಡಿದಿದೆ. ಬೇಸಗೇಲಿ ಹೋದ್ರೆ ಆ ಗುಡಿಗಳು ಎದ್ದು ಓಡಿ ಹೋಗ್ತವಾ?" ಎಂದು ಗೊಣಗುತ್ತಲೇ ಚಕ್ಕುಲಿಯ ಡಬ್ಬಿಯನ್ನು ಚೀಲಕ್ಕೆ ತುರುಕಿದರು.

ನಾವು ನಾಲ್ವರು, ನಾಲ್ಕು ಬೈಕು. ಶಿವಮೊಗ್ಗದ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಒಬ್ಬ ಈಗ ಹೈಸ್ಕೂಲ್ ಮೇಷ್ಟ್ರು, ಒಬ್ಬ ಡಾಕ್ಟರು, ಇನ್ನೊಬ್ಬನದು ಗ್ಯಾರೇಜು. ನಾನು ಬ್ಯಾಂಕಿನವನು. ಐದನೆಯ ಗೆಳೆಯ ಸೊರಬದಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾನೆ. ರಾತ್ರಿ ಊಟಕ್ಕೆ ಅವನ ಮನೆ ಸೇರಬೇಕು, ಅವನ ತಾಯಿ ಕಾಯುತ್ತಿರುತ್ತಾರೆ ಎಂಬುದೊಂದೇ ನಮ್ಮ ಕರಾರು. "ಮಳೇಲಿ ಒಮ್ಮೆ ಬೈಕಲ್ಲಿ ಹೋಗೋಣ" ಎಂದು ಇಪ್ಪತ್ತೈದು ವರ್ಷಗಳಿಂದ ಹೇಳುತ್ತಲೇ ಇದ್ದವರು, ಕಳೆದ ಜುಲೈ ತಿಂಗಳ ಕೊನೆಯ ಶನಿವಾರ ಹೊರಟೇಬಿಟ್ಟೆವು.

ಅಮಲ್ದಾರನಾದ ಹುಡುಗ

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಐವತ್ತು ಕಿಲೋಮೀಟರ್ ಆಸುಪಾಸು. ಬಿಸಿಲಿದ್ದರೆ ಒಂದು ಗಂಟೆಯ ದಾರಿ. ನಮಗೆ ಎರಡು ಗಂಟೆ ಬೇಕಾಯಿತು. ಹೆಲ್ಮೆಟ್ಟಿನ ಗಾಜು ಒರೆಸಿದಷ್ಟೂ ಮಸುಕು. ಎದುರಿಗೆ ಬಂದ ಪ್ರತಿ ಲಾರಿಯೂ ಒಂದೊಂದು ಬಕೆಟ್ ಕೆಸರು ಎರಚಿ ಹೋಗುತ್ತಿತ್ತು. ರಸ್ತೆಯ ಎರಡೂ ಬದಿ ಮೆಕ್ಕೆಜೋಳ, ಶುಂಠಿ, ಅದರಾಚೆ ಗದ್ದೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಬಗ್ಗಿದ ಜನ. ನಾವು ಮಳೆಗೆ ಮೋಜಿಗಾಗಿ ಬಂದವರು, ಅವರು ಅದೇ ಮಳೆಗಾಗಿ ಕಾದಿದ್ದವರು.

ದಾರಿಯಿಂದ ಸ್ವಲ್ಪ ಬದಿಗೆ ತಿರುಗಿ ಈಸೂರಿಗೆ ಹೋದೆವು. 1942ರ 'ಭಾರತ ಬಿಟ್ಟು ತೊಲಗಿ' ಚಳವಳಿಯ ದಿನಗಳಲ್ಲಿ ಈ ಪುಟ್ಟ ಊರು ತಾನು ಸ್ವತಂತ್ರ ಎಂದು ಸಾರಿತ್ತು. ಊರಿಗೆ ತಮ್ಮದೇ ಸರ್ಕಾರ ಬೇಕಲ್ಲ? ಇಬ್ಬರು ಹುಡುಗರನ್ನು ಕರೆದು ಒಬ್ಬನನ್ನು ಅಮಲ್ದಾರ, ಇನ್ನೊಬ್ಬನನ್ನು ಸಬ್ ಇನ್‌ಸ್ಪೆಕ್ಟರ್ ಮಾಡಿದರು! 'ಏಸೂರ ಕೊಟ್ಟರೂ ಈಸೂರ ಕೊಡೆವು' ಎಂಬ ಘೋಷಣೆ ಹುಟ್ಟಿದ್ದು ಇಲ್ಲೇ. ಅದಕ್ಕೆ ಊರು ತೆತ್ತ ಬೆಲೆ ದೊಡ್ಡದು. ಅಧಿಕಾರಿಗಳೊಂದಿಗೆ ಘರ್ಷಣೆಯಾಗಿ ಸಾವುಗಳಾದವು. 1943ರ ಮಾರ್ಚಿನಲ್ಲಿ ಊರಿನ ಐವರು ಗಲ್ಲಿಗೇರಿದರು. ಮಳೆಯಲ್ಲಿ ನಾಲ್ವರೂ ಹೆಲ್ಮೆಟ್ ತೆಗೆದು ಕ್ಷಣ ಹೊತ್ತು ನಿಂತೆವು. "ಹುಡುಗ ಹೇಳಿದ್ದನ್ನ ಊರೇ ಕೇಳಿತ್ತು ನೋಡಿ" ಎಂದರು ಮೇಷ್ಟ್ರು. ಆ ಮಾತು ಅಂದೇ ಸಂಜೆ ನನ್ನನ್ನು ಚುಚ್ಚುತ್ತದೆ ಎಂದು ಆಗ ತಿಳಿದಿರಲಿಲ್ಲ.

ಕಂಬ ಹೇಳಿದ್ದು

ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿಗೆ ಕೈಮುಗಿದು, ಬಿಸಿ ಇಡ್ಲಿ ತಿಂದು, ಶಿರಾಳಕೊಪ್ಪ ದಾಟಿ ತಾಳಗುಂದ ಸೇರುವಾಗ ಮಧ್ಯಾಹ್ನ. ಹಿಂದೆ ಈ ಊರಿನ ಹೆಸರು ಸ್ಥಾನಕುಂದೂರು. ಪ್ರಣವೇಶ್ವರ ದೇವಾಲಯದ ಎದುರು ಆ ಕಲ್ಲುಕಂಬ ಸುಮಾರು 1500 ವರ್ಷಗಳಿಂದ ನಿಂತಿದೆ. ಮೈಮೇಲೆ ಸಂಸ್ಕೃತದ ಪದ್ಯಗಳು. ಬರೆದವನು ಕುಬ್ಜ ಎಂಬ ಕವಿ, ಬರೆಸಿದವನು ಕದಂಬರ ಶಾಂತಿವರ್ಮ.

ಕಥೆ ಮಕ್ಕಳಿಗೆ ಗೊತ್ತಿರುವುದೇ. ಓದಲೆಂದು ಮಯೂರಶರ್ಮ ಕಾಂಚಿಯ ಘಟಿಕಾಸ್ಥಾನಕ್ಕೆ ಹೋದ. ಜೊತೆಗಿದ್ದವರು ವೀರಶರ್ಮ. ಈ ಕಂಬದ ಶಾಸನ ಅವರನ್ನು ಗುರು ಎನ್ನುತ್ತದೆ. ಬನವಾಸಿ ಹತ್ತಿರದ ಗುಡ್ನಾಪುರದ ಶಾಸನದಿಂದ ಅವರು ಮಯೂರನ ಅಜ್ಜ ಎಂದು ತಿಳಿಯುತ್ತದೆ. ಮೊಮ್ಮಗನನ್ನು ಅಷ್ಟು ದೂರ ಶಾಲೆಗೆ ಕರೆದುಕೊಂಡು ಹೋದ ಅಜ್ಜ! ಕಾಂಚಿಯಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು, ಅವಮಾನವಾಯಿತು. ದರ್ಭೆ ಹಿಡಿಯುತ್ತಿದ್ದ ಕೈ ಕತ್ತಿ ಹಿಡಿಯಿತು. ಕದಂಬ ರಾಜ್ಯ ಹುಟ್ಟಿತು.

"ಸರಿ, ಕಂಬ ಯಾಕೆ ನಿಲ್ಲಿಸಿದ್ರು? ನನ್ನ ಮಗಳ ಪ್ರಶ್ನೆ" ಎಂದೆ.

ಮೇಷ್ಟ್ರು ನಕ್ಕರು. "ಒಂದು ಕೆರೆಗಾಗಿ ಕಣಯ್ಯ. ಶಾಂತಿವರ್ಮನ ಅಪ್ಪ ಕಾಕುತ್ಸ್ಥವರ್ಮ ಈ ದೇವರ ಸನ್ನಿಧಿಗೆ ಒಂದು ದೊಡ್ಡ ಕೆರೆ ಕಟ್ಟಿಸಿದ. ಅದನ್ನ ಹೇಳೋಕೆ ಈ ಕಂಬ. ವಂಶದ ಕಥೆ ಎಲ್ಲಾ ಅದಕ್ಕೆ ಪೀಠಿಕೆ."

ನಾನು ಬೆರಗಾದೆ. ಯುದ್ಧ, ಕಿರೀಟ, ವಂಶ ಎಲ್ಲವನ್ನೂ ಹೇಳಿ ಕೊನೆಗೆ ಆ ಕವಿ ಬಂದು ನಿಂತದ್ದು ನೀರಿನ ಬಳಿ. ಬೆಳಗಿನಿಂದ ನಾವು ಬೈದುಕೊಳ್ಳುತ್ತಿದ್ದ ಮಳೆಯೇ ಕಂಬದ ಮೇಲಿನ ಅಕ್ಷರಗಳನ್ನು ತೊಳೆಯುತ್ತ ಇಳಿಯುತ್ತಿತ್ತು.

ಕೋಡಿ ಮಠದ ಊರು

ಅಲ್ಲಿಂದ ಬಳ್ಳಿಗಾವಿ ಹತ್ತಿರ. ಅಲ್ಲಮಪ್ರಭು ಹುಟ್ಟಿದ ಊರೆಂದು ಇದನ್ನು ನೆನೆಯುತ್ತಾರೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ. ಬೇಲೂರಿನ ಮದನಿಕೆಯರ ಕೆಳಗೆ ಹೆಸರು ಕೆತ್ತಿಕೊಂಡ ಶಿಲ್ಪಿ ದಾಸೋಜ ಬಳ್ಳಿಗಾವಿಯವನು. ನಮ್ಮ ರಾಜ್ಯದ ಲಾಂಛನದಲ್ಲಿರುವ ಗಂಡಭೇರುಂಡವನ್ನು ಇಲ್ಲಿ 1047ರಲ್ಲೇ ಎತ್ತರದ ಕಂಬದ ತುದಿಯಲ್ಲಿ ನಿಲ್ಲಿಸಿದ್ದರು. ಮನುಷ್ಯನ ಮೈ, ಹಕ್ಕಿಯ ಎರಡು ತಲೆ.

ಕೇದಾರೇಶ್ವರ ದೇವಾಲಯಕ್ಕೆ ಮೂರು ಗರ್ಭಗುಡಿ. ಇದಕ್ಕೆ ಸೇರಿದ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ಬೇರೆ ಬೇರೆ ಮತಗಳ ಶಾಸ್ತ್ರ ಎಲ್ಲವನ್ನೂ ಕಲಿಸುತ್ತಿದ್ದರು, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದರು ಎಂದು 1162ರ ಶಾಸನ ಹೇಳುತ್ತದೆ. ಇದನ್ನು ಕೇಳಿ ನಮ್ಮ ಡಾಕ್ಟರಿಗೆ ಖುಷಿಯೋ ಖುಷಿ. ನನಗೆ ಹಿಡಿಸಿದ್ದು ಹೆಸರಿನಲ್ಲಿರುವ 'ಕೋಡಿ'. ಪಟ್ಟಣದ ಮಕ್ಕಳಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಯನ್ನು ಒಡೆಯದೆ ಸುಮ್ಮನೆ ಹೊರಹೋಗಲು ಬಿಟ್ಟ ಜಾಗವೇ ಕೋಡಿ. ಒಂದರ ಕೋಡಿ ನೀರು ಕೆಳಗಿನ ಕೆರೆಗೆ, ಅದರದು ಮತ್ತೊಂದಕ್ಕೆ. ಸೊರಬ ತಾಲ್ಲೂಕೊಂದರಲ್ಲೇ ಹೀಗೆ ಸಾವಿರಕ್ಕೂ ಹೆಚ್ಚು ಕೆರೆಗಳಿವೆ.

ಹಳ್ಳದ ದಂಡೆಯಲ್ಲಿ

ಆನವಟ್ಟಿ ಹತ್ತಿರದ ಕುಬಟೂರಿನಲ್ಲಿ ಕೈಟಭೇಶ್ವರನ ನುಣುಪು ಕಂಬಗಳನ್ನು ನೋಡುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಕತ್ತಲಾಗುವ ಮೊದಲು ಗುಡವಿ ಪಕ್ಷಿಧಾಮ ನೋಡಬೇಕೆಂಬ ಆಸೆ ನನ್ನದು. ಮುಖ್ಯರಸ್ತೆ ಬಿಟ್ಟು ಒಳದಾರಿ ಹಿಡಿಸಿದವನೂ ನಾನೇ.

ಒಂದು ತಿರುವಿನಲ್ಲಿ ಹಳ್ಳ. ಅದರ ಮೇಲೆ ಕೈಪಿಡಿ ಇಲ್ಲದ ಸಣ್ಣ ಸೇತುವೆ. ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ದಂಡೆಯಲ್ಲಿ ಒಬ್ಬ ಅಜ್ಜ, ಪಕ್ಕದಲ್ಲಿ ಹತ್ತು ವರ್ಷದ ಮೊಮ್ಮಗ, ಇಬ್ಬರ ನಡುವೆ ಒಂದು ಛತ್ರಿ.

ಹುಡುಗ ಎರಡೂ ಕೈ ಚಾಚಿ ನಮ್ಮನ್ನು ತಡೆದ. "ದಾಟಬ್ಯಾಡಿ. ಅಲ್ಲಿ ಕೋಲು ನೆಟ್ಟಿದ್ವಿ. ಕೋಲು ಮುಳುಗ್ಯದೆ."

"ಓಹೋ, ಈಸೂರಿನ ಅಮಲ್ದಾರ್ ಸಾಹೇಬರು!" ಎಂದು ನಾನು ನಕ್ಕೆ. ಅಜ್ಜನೂ ಬೇಡವೆಂದು ತಲೆ ಆಡಿಸಿದ. ಗ್ಯಾರೇಜಿನ ಗೆಳೆಯ, "ವಾಪಸ್ ಹೋಗೋಣ" ಎಂದ. ನೀರು ಮೊಣಕಾಲಿಗೂ ಬರುವುದಿಲ್ಲ ಎಂದು ನನ್ನ ಲೆಕ್ಕ. ಅತ್ತ ಸೊರಬದಲ್ಲಿ ಊಟ ಆರುತ್ತಿದೆ, ಇತ್ತ ಹಕ್ಕಿಗಳು ಗೂಡು ಸೇರುತ್ತಿವೆ. ಯಾರು ಏನು ಹೇಳುತ್ತಿದ್ದಾರೆ ಎಂದು ಕೇಳದೆ ಮೊದಲ ಗೇರಿನಲ್ಲಿ ನೀರಿಗೆ ಇಳಿಸಿದೆ.

ನಾಲ್ಕು ಮಾರು ಹೋಗಿರಬಹುದು. ಮುಂದಿನ ಚಕ್ರ ತಾನಾಗಿಯೇ ಪಕ್ಕಕ್ಕೆ ಸರಿಯಿತು. ಯಾರೋ ಕೆಳಗಿನಿಂದ ಚಾಪೆ ಎಳೆದ ಹಾಗೆ. ಕಾಲು ಊರಿದೆ, ಕಾಲಿನ ಕೆಳಗೆ ಪಾಚಿ. ಬೈಕು ಮಗುಚಿತು, ಅದರ ಜೊತೆ ನಾನೂ. ಇಂಜಿನ್ ನಿಂತುಹೋಯಿತು, ನೀರಿನ ಸದ್ದು ಮಾತ್ರ ಉಳಿಯಿತು. ಸೇತುವೆಯ ಅಂಚು ಒಂದು ಮೊಳ ದೂರದಲ್ಲಿತ್ತು. ಮಗಳ ಮುಖ ನೆನಪಾಯಿತು ಎಂದು ಬರೆಯಬಹುದು. ನಿಜ ಹೇಳಬೇಕೆಂದರೆ ಏನೂ ನೆನಪಾಗಲಿಲ್ಲ, ಬೈಕಿನ ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದೆ, ಅಷ್ಟೇ.

ಅಜ್ಜನ ಹೆಗಲಲ್ಲಿ ಹಸು ಕಟ್ಟುವ ಹಗ್ಗವಿತ್ತು. ಅವನು ಅದನ್ನು ನನ್ನತ್ತ ಬೀಸಿದ. ನಾನು ಹಿಡಿದೆ. ಮೂವರು ಗೆಳೆಯರು ದಂಡೆಯಲ್ಲೇ ನಿಂತು ಎಳೆದರು. ಆಮೇಲೆ ಅದೇ ಹಗ್ಗದಿಂದ, ಸೇತುವೆಯ ಅಂಚಿನ ಕಲ್ಲಿಗೆ ಸಿಕ್ಕಿಕೊಂಡಿದ್ದ ಬೈಕನ್ನೂ ಎಳೆದದ್ದಾಯಿತು. ಒಂದು ಕನ್ನಡಿ, ಅಮ್ಮ ಕೊಟ್ಟ ಚಕ್ಕುಲಿ ಡಬ್ಬಿ ಹಳ್ಳದ ಪಾಲು.

ಹೈಸ್ಕೂಲ್ ಮೇಷ್ಟ್ರು ಬೈಯಲಿಲ್ಲ, ಲೆಕ್ಕ ಹೇಳಿದರು: "ಒಂದು ಮೀಟರ್ ಉದ್ದ, ಅಗಲ, ಎತ್ತರ ಇರೋ ನೀರಿನ ತೂಕ ಒಂದು ಟನ್. ಇಲ್ಲಿ ಅಂಥ ಎಷ್ಟು ಟನ್ ಓಡ್ತಾ ಇದೆ ನೋಡು. ಆಳ ನೋಡಿದೆ ನೀನು, ವೇಗ ನೋಡಲಿಲ್ಲ."

ಅಜ್ಜ ಹಗ್ಗ ಹಿಂಡುತ್ತ ನಿಧಾನವಾಗಿ ಅಂದ: "ನೀರಿಗೆ ಹೋಗಾಕೆ ದಾರಿ ಬಿಡಬೇಕು, ಇಲ್ಲಾ ನಿಲ್ಲಾಕೆ ಜಾಗ ಕೊಡಬೇಕು. ಅಡ್ಡ ಹೋಗಬಾರದು ತಮ್ಮಾ."

ಮರ್ಯಾದೆ ಹೋದವನಂತೆ ನಿಂತಿದ್ದ ನನ್ನ ಬಳಿಗೆ ಹುಡುಗ ಬಂದು, "ಮಾಮಾ, ಚಳಿ ಆಗ್ತದಾ?" ಎಂದು ಕೇಳಿ ತನ್ನ ಛತ್ರಿ ಹಿಡಿದ. ಮೈಯೆಲ್ಲ ಒದ್ದೆಯಾದವನಿಗೆ ಛತ್ರಿ! ಆದರೂ ಅದರ ಕೆಳಗೆ ಬಗ್ಗಿ ನಿಂತೆ. ಅವರ ಮನೆಯಲ್ಲಿ ಕಾಫಿ ಕುಡಿದು, ಬಂದ ದಾರಿಯಲ್ಲೇ ಹಿಂದಿರುಗಿ, ಮುಖ್ಯರಸ್ತೆ ಹಿಡಿದು ಸೊರಬ ಮುಟ್ಟುವಾಗ ರಾತ್ರಿ ಒಂಬತ್ತೂವರೆ. ಗೆಳೆಯನ ತಾಯಿ ಅನ್ನವನ್ನು ಇನ್ನೊಮ್ಮೆ ಬಿಸಿ ಮಾಡಿದರು. ಬಿಸಿ ಸಾರಿನ ಮುಂದೆ ನಮ್ಮಲ್ಲಿ ಯಾರಿಗೂ ಮಾತು ಬರಲಿಲ್ಲ.

ಗುಡವಿಯ ಬೆಳಿಗ್ಗೆ

ಮರುದಿನ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಗೆಳೆಯನ ಜೀಪಿನಲ್ಲಿ ಗುಡವಿಗೆ ಹೋದೆವು. ಅದೂ ಒಂದು ಕೆರೆಯೇ. ನೀರಿನ ನಡುವೆ ನಿಂತ ಮರಗಳಲ್ಲಿ ಎಲೆಗಿಂತ ಹಕ್ಕಿಯೇ ಹೆಚ್ಚು. ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಿನಂತೆ ಕತ್ತು ಬಳುಕಿಸುವ ಹಾವಕ್ಕಿ. ಇವು ಮಳೆಗಾಲದಲ್ಲೇ ಇಲ್ಲಿ ಗೂಡು ಕಟ್ಟುತ್ತವೆ. ಕೆರೆ ತುಂಬಿದರೆ ಮೀನು, ಕಪ್ಪೆ ಸಮೃದ್ಧಿ. ಸುತ್ತ ನೀರಿದ್ದರೆ ನೆಲದ ಬೇಟೆಗಾರ ಪ್ರಾಣಿಗಳು ಗೂಡಿನ ಬಳಿ ಬರುವುದು ಕಷ್ಟ. ಹಿಂದಿನ ಸಂಜೆ ನನ್ನನ್ನು ಎಳೆದೊಯ್ಯಲು ನೋಡಿದ ನೀರು ಇಲ್ಲಿ ಮರಿಗಳಿಗೆ ಕಾವಲು ನಿಂತಿತ್ತು.

ಚಂದ್ರಗುತ್ತಿಯ ಬೆಟ್ಟ ಮೋಡದೊಳಗೇ ಉಳಿಯಿತು. ರೇಣುಕಾಂಬೆಯ ದರ್ಶನವಾಯಿತು. ಕೋಟೆ ಹತ್ತುವ ಮಾತನ್ನು ಯಾರೂ ಎತ್ತಲಿಲ್ಲ. ಜಾರುವ ಕಲ್ಲಿನ ಮೇಲಿನ ಗೌರವ ಒಂದೇ ರಾತ್ರಿಯಲ್ಲಿ ಹೆಚ್ಚಿತ್ತು.

ಮನೆಗೆ ಬಂದಾಗ ಅಮ್ಮ ಡಬ್ಬಿ ಎಲ್ಲಿ ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಮಗಳಿಗೆ ಕಂಬದ ಉತ್ತರವನ್ನೂ ಹೇಳಿದೆ, ಅದು ಕೆರೆಗಾಗಿ ಎಂದು. ಅವಳು ತುಂಬಾ ಹೊತ್ತು ಯೋಚಿಸಿ ಕೇಳಿದ್ದು ಬೇರೆಯೇ ಪ್ರಶ್ನೆ.

"ಅಪ್ಪಾ, ನೀನು ಇಳಿಯುವಾಗ ಆ ಕೋಲು ನಿಜವಾಗ್ಲೂ ಮುಳುಗಿತ್ತಾ?"

"ಮುಳುಗಿತ್ತು ಮಗಾ."

"ನಿಂಗೆ ಕಾಣಿಸ್ತಾ?"

"ನಾನು ನೋಡಲೇ ಇಲ್ಲ" ಎಂದೆ.